ಅವನ ಲೆಕ್ಕಕ್ಕೆ ಬಾರದ ರನ್ನು

ಅವನ ಎಡಗೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಸುಮ್ಮನೆ ನಿಂತಾಗಲೂ ಮೊಣಕೈ ಸ್ವಲ್ಪ ಮಡಿಚಿಕೊಂಡೇ ಇರುತ್ತಿತ್ತು, ಕಾಣದ ಚೀಲವೊಂದನ್ನು ತೂಗುಹಾಕಿಕೊಂಡವನ ಹಾಗೆ. ನೆಟ್ಟಗೆ ಮಾಡು ಎಂದರೆ ಬಲಗೈಯಿಂದ ಒತ್ತಿ ತೋರಿಸುತ್ತಿದ್ದ. ಒಂದು ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ನೋವೇನೂ ಇಲ್ಲ ಎನ್ನುತ್ತಿದ್ದ. ಚಿಕ್ಕಂದಿನಿಂದ ಚೆಂಡು ಎಸೆದೂ ಎಸೆದೂ ಆ ಕೈ ಹಾಗೆ ಕೂತುಬಿಟ್ಟಿತ್ತು. ಎಡ ಭುಜವೂ ಬಲಕ್ಕಿಂತ ಇಳಿದಿತ್ತು. ಹಿಂದಿನಿಂದ ನೋಡಿದರೆ ಜನರ ನಡುವೆಯೂ ಗುರುತು ಸಿಗುತ್ತಿತ್ತು.

ಅವನು ನಮ್ಮ ದೊಡ್ಡಮ್ಮನ ಮಗ. ನಾನು ಅಣ್ಣ ಎನ್ನುತ್ತಿದ್ದೆ. ಹ್ಯೂಸ್ಟನ್ನಿನಲ್ಲಿ ಹುಟ್ಟಿ ಬೆಳೆದವನು. ಕೆಲಸ ಬೇಸ್‌ಬಾಲ್. ಅದರಲ್ಲೂ ಶುರುವಿನಿಂದ ಕೊನೆತನಕ ಆಡುವ ಕೆಲಸವಲ್ಲ, ನಡುವೆ ಬಂದು ಎಸೆದು ಹೋಗುವ ಕೆಲಸ. ರಿಲೀಫ್ ಪಿಚರ್ ಅನ್ನುತ್ತಾರೆ. ಎಷ್ಟೋ ವರ್ಷ ಅವನ ಜೊತೆ ಓಡಾಡಿದ್ದೇನೆ. ಆ ಕೆಲಸ ಏನು ಅಂತ ನನಗೆ ಇವತ್ತಿಗೂ ಸರಿಯಾಗಿ ಗೊತ್ತಾಗಿಲ್ಲ. ಅವನು ಗೆದ್ದನೋ ಸೋತನೋ, ಅದೂ ಗೊತ್ತಾಗಿಲ್ಲ. ಕಂಡಷ್ಟು ಬರೆಯುತ್ತೇನೆ.

ನಾನು ಹುಬ್ಬಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ಯಾವಾಗಲೋ ನಮ್ಮಮ್ಮನ ಹೆಸರಿಗೆ ಹಾಕಿದ್ದ ವೀಸಾ ಬಂತು, ಎಲ್ಲರೂ ಟೆಕ್ಸಾಸಿಗೆ ಬಂದೆವು. ಎರಡು ಸಾವಿರದ ಹದಿಮೂರರ ಮಾತು. ದೊಡ್ಡಪ್ಪನಿಗೆ ಹ್ಯೂಸ್ಟನ್ನಿನಲ್ಲಿ ಕಿರಾಣಿ ಅಂಗಡಿ ಇತ್ತು, ಡಲ್ಲಾಸ್ ಹತ್ತಿರ ಫಾರ್ಮರ್ಸ್ ಬ್ರಾಂಚಿನಲ್ಲಿ ಗೋಡೌನ್ ಇತ್ತು. ನನಗೆ ಡ್ರೈವಿಂಗ್ ಬರುತ್ತಿತ್ತು, ಬೇರೆ ಏನೂ ಬರುತ್ತಿರಲಿಲ್ಲ. ತಂಪು ಮಿಷನ್ ಇರುವ ವ್ಯಾನು ಕೊಟ್ಟರು. ಫಾರ್ಮರ್ಸ್ ಬ್ರಾಂಚಿನಲ್ಲಿ ಲೋಡ್ ಮಾಡಿ, ಆಸ್ಟಿನ್ ಕಡೆಯ ಅಂಗಡಿಗಳಿಗೆ ಮೊಸರು, ಪನೀರ್, ತರಕಾರಿ ಇಳಿಸಿ, ಹ್ಯೂಸ್ಟನ್ನಿಗೆ ಹೋಗಿ ವಾಪಸ್ಸು ಬರುವುದು. ಅಣ್ಣ ಆಗ ಫ್ರಿಸ್ಕೋ ತಂಡದಲ್ಲಿದ್ದ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ತಂಡ ರೌಂಡ್ ರಾಕಿನಲ್ಲಿ. ಎಲ್ಲಕ್ಕಿಂತ ಮೇಲಿನದು, ಟಿವಿಯಲ್ಲಿ ಬರುವ ದೊಡ್ಡ ತಂಡ, ಡಲ್ಲಾಸ್ ಪಕ್ಕದ ಆರ್ಲಿಂಗ್ಟನ್ನಿನಲ್ಲಿ. ಮೂರೂ ನನ್ನ ವ್ಯಾನಿನ ದಾರಿಗೆ ಹತ್ತಿರ.

ಅವನಿಗೆ ಬೇಕಿದ್ದದ್ದು ಒಂದೇ. ಆ ದೊಡ್ಡ ತಂಡದ ಮೈದಾನದ ನಡುವೆ ಒಂದು ಸಲ ನಿಂತು ಎಸೆಯಬೇಕು. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಆರ್ಲಿಂಗ್ಟನ್ ದಾಟುವಾಗ ಮಾತು ನಿಲ್ಲಿಸುತ್ತಿದ್ದ.

ಅವನ ಕೆಲಸ ನನಗೆ ಹೀಗೆ ಅರ್ಥವಾಯಿತು. ಅವನು ಎಡಗೈಯಲ್ಲಿ ಎಸೆಯುವವನು. ಎದುರು ತಂಡದ ಎಡಗೈ ಬ್ಯಾಟ್ಸ್‌ಮನ್‌ಗೆ ಎಡಗೈ ಎಸೆತ ಹೊಡೆಯುವುದು ಕಷ್ಟವಂತೆ. ಹಾಗಾಗಿ ಅಂಥ ಒಬ್ಬ ಗಟ್ಟಿ ಆಳು ಬ್ಯಾಟು ಹಿಡಿದು ಬಂದಾಗ ಇವನನ್ನು ಕರೆಯುತ್ತಾರೆ. ಅದುವರೆಗೆ ಮೈದಾನದ ಮೂಲೆಯಲ್ಲಿ ಜಾಲರಿ ಹಿಂದೆ ಬೆಂಚಿನ ಮೇಲೆ ಕೂತಿರಬೇಕು. ಅಲ್ಲೊಂದು ಫೋನು. ಫೋನು ಬಂದರೆ ಎದ್ದು ಕೈ ಬಿಸಿ ಮಾಡಿಕೊಳ್ಳಬೇಕು. ಒಬ್ಬನಿಗೆ ಎಸೆಯಬೇಕು. ಔಟಾದರೂ ಸರಿ, ಆಗದಿದ್ದರೂ ಸರಿ, ಬಹಳ ಸಲ ಅಷ್ಟಕ್ಕೇ ವಾಪಸ್ಸು. ಎಷ್ಟೋ ದಿನ ಫೋನೇ ಬರುತ್ತಿರಲಿಲ್ಲ. ಅವನು ಆ ಫೋನಿಗೆ ಬೆನ್ನು ಹಾಕಿ ಕೂತು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದ. ಅದರ ಕಡೆ ನೋಡಿದರೆ ಅದು ಹೊಡೆದುಕೊಳ್ಳುವುದಿಲ್ಲ ಎಂದು ಅವನ ನಂಬಿಕೆ.

ದೊಡ್ಡಪ್ಪನಿಗೆ ಇದನ್ನು ಜನಕ್ಕೆ ಹೇಳುವುದು ಕಷ್ಟವಾಗುತ್ತಿತ್ತು. ಒಂದು ಯುಗಾದಿಗೆ ರೌಂಡ್ ರಾಕಿನಲ್ಲಿ ಕನ್ನಡದವರ ಊಟ ಇತ್ತು, ಒಂದು ಶಾಲೆಯ ಹಾಲಿನಲ್ಲಿ. ನಾವು ಹೋಳಿಗೆ, ಕೋಸಂಬರಿ ತಟ್ಟೆಗೆ ಹಾಕಿಸಿಕೊಂಡು ಕೂತಿದ್ದೆವು. ಮೈಸೂರಿನ ಒಬ್ಬ ಅಂಕಲ್, ಅಲ್ಲೇ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವವರು, ಪಕ್ಕಕ್ಕೆ ಬಂದು ಮಗ ಏನು ಮಾಡುತ್ತಿದ್ದಾರೆ ಎಂದು ದೊಡ್ಡಪ್ಪನನ್ನು ಕೇಳಿದರು.

"ಬೇಸ್‌ಬಾಲ್ ಆಡ್ತಾನ್ರೀ. ನಮ್ಮ ಬೌಲರ್ ಇದ್ದಂಗ."

"ಓ, ಸೂಪರ್. ಎಷ್ಟು ಓವರ್ ಹಾಕ್ತಾರೆ?"

ದೊಡ್ಡಪ್ಪ ನನ್ನ ಮುಖ ನೋಡಿದ. "ಓವರ್ ಅಂತ ಇಲ್ರೀ. ಒಬ್ಬಂಗ ಹಾಕ್ತಾನ. ಆಮ್ಯಾಲ ವಾಪಸ್ ಬರ್ತಾನ."

"ಒಬ್ಬರಿಗೇನಾ? ಮಿಕ್ಕಿದ ಟೈಮು?"

"ಕುಂತಿರ್ತಾನ."

ಅಂಕಲ್ ಸ್ವಲ್ಪ ಯೋಚನೆ ಮಾಡಿದರು. "ಅದಕ್ಕೆ ಸಂಬಳ ಕೊಡ್ತಾರಾ? ನಮ್ ಟೀಮಲ್ಲೂ ಅಂಥೋರು ಒಬ್ರು ಇದಾರೆ ಬಿಡಿ. ಅವರು ಆ ಒಬ್ಬರಿಗೂ ಹಾಕಲ್ಲ."

ಟೇಬಲ್ಲಿನವರೆಲ್ಲ ನಕ್ಕರು. ದೊಡ್ಡಪ್ಪನೂ ನಕ್ಕ. ಅಣ್ಣ ಎದುರಿಗೇ ಕೂತಿದ್ದ. ಅವನಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು. ಅವನೂ ನಕ್ಕ, ಬಲಗೈಯಲ್ಲಿ ಹೋಳಿಗೆ ಮುರಿಯುತ್ತಾ. ಅವನಿಗೆ ನಿಜವಾಗಿ ನಗು ಬಂತೋ ಇಲ್ಲವೋ, ಗೊತ್ತಾಗಲಿಲ್ಲ.

ಬಲಗೈ ಎಂದೆ. ಅದೂ ಒಂದು ಕತೆ. ಹುಟ್ಟಾ ಎಡಗೈಯವನು. ದೊಡ್ಡಮ್ಮನಿಗೆ ಅದು ಆಗಿಬರುತ್ತಿರಲಿಲ್ಲ. ಉಣ್ಣುವ ಕೈ, ಪ್ರಸಾದ ತೆಗೆದುಕೊಳ್ಳುವ ಕೈ, ಯಾರಿಗಾದರೂ ಏನಾದರೂ ಕೊಡುವ ಕೈ ಬಲಗೈಯೇ ಆಗಬೇಕು. ಅವನು ತಟ್ಟೆಗೆ ಎಡಗೈ ಹಾಕಿದಾಗಲೆಲ್ಲ ಹೊಡೆದು ಹೊಡೆದು ಬಿಡಿಸಿದ್ದಳಂತೆ. ಬರೆಯುವುದೂ ಬಲಗೈಗೆ ಬಂತು. ಎಸೆಯುವುದರ ಕಡೆ ಅವಳು ಗಮನ ಕೊಡಲಿಲ್ಲ. ಮನೆಯ ಹಿಂದೆ ಚೆಂಡು ಎಸೆಯುವುದಕ್ಕೆ ಯಾವ ಶಾಸ್ತ್ರವೂ ಇರಲಿಲ್ಲ. "ಅದೊಂದ ಬಿಟ್ಟಿದ್ದೆ ನೋಡು, ಅದರಾಗ ಹೊಟ್ಟಿ ತುಂಬಾಕತ್ತೈತಿ" ಎಂದು ಆಗಾಗ ಹೇಳುತ್ತಿದ್ದಳು. ಖುಷಿಯಿಂದ ಹೇಳುತ್ತಿದ್ದಳೋ ಬೇಜಾರಿನಿಂದಲೋ, ಅದೂ ಗೊತ್ತಿಲ್ಲ.

ಅವರ ಕೆಲಸದಲ್ಲಿ ಮೇಲಿನ ತಂಡಕ್ಕೆ ಕಳಿಸುವುದು, ಕೆಳಗಿನ ತಂಡಕ್ಕೆ ಇಳಿಸುವುದು ನಿಂತ ಕಾಲಲ್ಲಿ ಆಗುತ್ತದೆ. ಇವತ್ತು ಕರೆದು ಹೇಳುತ್ತಾರೆ, ನಾಳೆ ಅಲ್ಲಿರಬೇಕು. ಅವನ ಹಳೇ ಕಾರು ದೂರದ ದಾರಿಗೆ ಆಗುತ್ತಿರಲಿಲ್ಲ. ನನಗೆ ಫೋನು ಬರುತ್ತಿತ್ತು.

"ತಮ್ಮಾ, ಗಾಡಿ ಐತೇನು?"

"ಐತಿ. ಮ್ಯಾಲೋ, ಕೆಳಗೋ?"

"ಮ್ಯಾಲ" ಎಂದರೆ ಫ್ರಿಸ್ಕೋದಿಂದ ರೌಂಡ್ ರಾಕಿಗೆ. "ಕೆಳಗ" ಎಂದರೆ ವಾಪಸ್ಸು. ಅದೇ ಹೈವೇ, ಅದೇ ಟ್ರಾಫಿಕ್ಕು, ವೇಕೋದಲ್ಲಿ ಅದೇ ಪೆಟ್ರೋಲ್ ಬಂಕು. ಹೋಗುವಾಗಲೂ ಅಲ್ಲಿ ಒಂದು ಬಾಳೆಹಣ್ಣು, ಒಂದು ಚಾಕಲೇಟ್ ಹಾಲು ತೆಗೆದುಕೊಳ್ಳುತ್ತಿದ್ದ, ಬರುವಾಗಲೂ ಅದೇ. ಮೇಲೆ ಹೋಗುವ ದಿನ ಅವನು ಹೆಚ್ಚು ಮಾತಾಡುತ್ತಿರಲಿಲ್ಲ, ಇಳಿಸಿದ ದಿನ ಏನೇನೋ ಜೋಕು ಹೇಳುತ್ತಿದ್ದ. ನಾನು ಯಾವತ್ತು ಖುಷಿಪಡಬೇಕು, ಯಾವತ್ತು ಸುಮ್ಮನಿರಬೇಕು ಎಂದು ತಿಳಿಯದೆ ರೇಡಿಯೋ ಹಾಕುತ್ತಿದ್ದೆ. ನನ್ನ ಇಂಗ್ಲಿಷ್ ಸರಿ ಇರಲಿಲ್ಲ, ಅವನ ಕನ್ನಡ ಸರಿ ಇರಲಿಲ್ಲ. ಎರಡರ ನಡುವೆ ಮಾತು ನಡೆಯುತ್ತಿತ್ತು.

ಒಮ್ಮೆ ಆ ದಾರಿಯಲ್ಲೇ ಅವನು ಒಂದು ನಿಯಮ ಹೇಳಿದ. ಅದನ್ನು ಕೇಳಿ ನನ್ನ ತಲೆ ಕೆಟ್ಟಿತು. ಬೇಸ್‌ಬಾಲಿನಲ್ಲಿ ಬ್ಯಾಟ್ಸ್‌ಮನ್ ಹೊಡೆದು ಓಡಿ ಒಂದೊಂದು ಬೇಸ್, ಅಂದರೆ ನೆಲದ ಮೇಲೆ ಗುರುತಿಟ್ಟ ಜಾಗ, ಮುಟ್ಟುತ್ತಾ ನಿಲ್ಲುತ್ತಾನೆ. ಸುತ್ತಿ ಬಂದು ಹೊರಟ ಜಾಗ ಮುಟ್ಟಿದರೆ ರನ್ನು. ಈಗ ಮೊದಲ ಪಿಚರ್ ಇಬ್ಬರನ್ನು ಬೇಸ್ ಮೇಲೆ ನಿಲ್ಲಿಸಿ ಸುಸ್ತಾಗಿ ಹೋದ ಅಂದುಕೊಳ್ಳಿ. ಅಣ್ಣ ಬರುತ್ತಾನೆ. ಅವನ ಎಸೆತಕ್ಕೆ ಹೊಡೆತ ಬೀಳುತ್ತದೆ, ಆ ಇಬ್ಬರೂ ಓಡಿ ರನ್ನು ಮಾಡುತ್ತಾರೆ. ಆ ಎರಡು ರನ್ನು ಯಾರ ಲೆಕ್ಕಕ್ಕೆ? ಅಣ್ಣನ ಲೆಕ್ಕಕ್ಕಲ್ಲ. ಆಗಲೇ ಹೋಗಿ ಬೆಂಚಿನ ಮೇಲೆ ಕೂತಿರುತ್ತಾನಲ್ಲ, ಅವನ ಲೆಕ್ಕಕ್ಕೆ.

"ಹೊಡಿಸಿಕೊಂಡವ ನೀನು?" ಎಂದು ಕೇಳಿದೆ.

"ಹೂಂ."

"ಹೆಸರು ಕೆಡೂದು ಅವಂದು?"

"ಹೂಂ. ಇನ್ನೊಬ್ಬರು ಮಾಡಿದ ಮೆಸ್ ಕ್ಲೀನ್ ಮಾಡೂದು ನನ್ ಜಾಬ್. ಕ್ಲೀನ್ ಆಗ್ಲಿಲ್ಲಂದ್ರ, ಮೆಸ್ ಅವನ ಹೆಸರಿಗೇ."

ಒಳ್ಳೇ ನಿಯಮ ಅಲ್ಲವಾ, ನಿನಗೇ ಲಾಭ ಎಂದೆ. ಅವನು ನನ್ನನ್ನು ನೋಡಿದ. ಕಾಲ ಬುಡದಲ್ಲಿದ್ದ ಮೊಸರಿನ ಡಬ್ಬಿ ಸರಿಸಿದ.

ಆ ಡಬ್ಬಿಯ ವಿಷಯ ಹೇಳಬೇಕು. ದೊಡ್ಡಮ್ಮ ಶೇಂಗಾ ಹೋಳಿಗೆ ಮಾಡುತ್ತಿದ್ದಳು. ಹುರಿದ ಶೇಂಗಾ, ಬೆಲ್ಲ, ತೆಳ್ಳಗೆ ಲಟ್ಟಿಸಿ ಗರಿಗರಿ ಬೇಯಿಸಿದ್ದು, ವಾರವಿಟ್ಟರೂ ಕೆಡುವುದಿಲ್ಲ. ಅಂಗಡಿಯ ಖಾಲಿ ಮೊಸರಿನ ಡಬ್ಬಿ ತೊಳೆದು ಒರೆಸಿ ಅದರಲ್ಲಿ ತುಂಬಿ, ಹ್ಯೂಸ್ಟನ್ನಿನಿಂದ ನಾನು ಹೊರಡುವಾಗ ವ್ಯಾನಿಗೆ ಇಡುತ್ತಿದ್ದಳು. ಅಣ್ಣ ಒಂದೂ ತಿನ್ನುತ್ತಿರಲಿಲ್ಲ. ತನ್ನ ಎಸೆತಕ್ಕೆ ಇನ್ನೊಬ್ಬನ ಲೆಕ್ಕದಲ್ಲಿ ರನ್ನು ಬಿದ್ದ ದಿನ, ಆಟ ಮುಗಿದ ಮೇಲೆ ಆ ಪಿಚರ್‌ನ ಜಾಗದಲ್ಲಿ ಒಂದು ಡಬ್ಬಿ ಇಟ್ಟು ಬರುತ್ತಿದ್ದ. ಸಾರಿ ಎನ್ನುತ್ತಿರಲಿಲ್ಲ. ಡಬ್ಬಿ ಕಂಡರೆ ಅವರಿಗೆ ತಿಳಿಯುತ್ತಿತ್ತು. ತಂಡದ ಹುಡುಗರು ಮೆಕ್ಸಿಕೋದವರ ರೊಟ್ಟಿಯ ಹೆಸರು ಸೇರಿಸಿ ಅದಕ್ಕೆ ಶೇಂಗಾ ಟೋರ್ಟಿಯಾ ಎಂದು ಹೆಸರಿಟ್ಟಿದ್ದರು. ಮೊಸರಿನ ಡಬ್ಬಿ ನೋಡಿ ಮೊಸರೇ ಎಂದುಕೊಂಡು ಒಬ್ಬ ಚಮಚ ತಂದಿದ್ದನಂತೆ.

ದೊಡ್ಡಮ್ಮನಿಗೆ ಇದು ಗೊತ್ತಿರಲಿಲ್ಲ. ಅವಳು ಅಂದುಕೊಂಡದ್ದು ಬೇರೆ. ಮಗನಿಗೆ ಗೆಳೆಯರು ಹೆಚ್ಚು, ಎಲ್ಲರಿಗೂ ಅವಳ ಹೋಳಿಗೆ ಎಂದರೆ ಪ್ರಾಣ. ಈ ವಾರ ಎಷ್ಟು ಡಬ್ಬಿ ಎಂದು ನನ್ನನ್ನು ಫೋನಿನಲ್ಲಿ ಕೇಳುತ್ತಿದ್ದಳು. ಅವನು ಚೆನ್ನಾಗಿ ಆಡಿದ ವಾರ ಡಬ್ಬಿ ಬೇಕಾಗುತ್ತಿರಲಿಲ್ಲ. ಬೇಡ ಎಂದರೆ ಅವಳ ದನಿ ಇಳಿಯುತ್ತಿತ್ತು, ಅವರಿಗೇನಾದರೂ ಬೇಜಾರಾಗಿದೆಯಾ ಎಂದು ಕೇಳುತ್ತಿದ್ದಳು. ಅವನ ಕೈ ಸರಿ ಬೀಳದ ಒಂದು ಬೇಸಿಗೆಯಲ್ಲಿ ಡಬ್ಬಿಯ ಮೇಲೆ ಡಬ್ಬಿ ಹೋದವು. ಆ ಬೇಸಿಗೆ ಅವಳು ಅಂಗಡಿಗೆ ಬಂದವರಿಗೆಲ್ಲ ಹೇಳಿದಳು: "ನಮ್ಮ ಹುಡುಗನ್ನ ಟೀಮಿನ್ಯಾಗ ಭಾಳ ಹಚ್ಚಿಕೊಂಡಾರ್ರೀ. ಮಾಡಿ ಮಾಡಿ ನನ್ನ ಕೈ ಸೋತು ಹೋದುವು."

ನಾನು ಹೇಳಲೋ ಬೇಡವೋ ಎಂದು ಅಣ್ಣನನ್ನು ಕೇಳಿದೆ. ಅವನು ಬೇಡ ಎಂದ. "ಅಮ್ಮ ಈಸ್ ಹ್ಯಾಪಿ ಅಲ್ಲಾ?" ಎಂದ. ಹೌದು, ಹ್ಯಾಪಿ. ಅವನು ಸೋತಷ್ಟೂ ಹ್ಯಾಪಿ. ಇದಕ್ಕೆ ಏನನ್ನಬೇಕೋ ತಿಳಿಯಲಿಲ್ಲ.

ಎಲ್ಲ ಗೊತ್ತಾದದ್ದು ಅವಳು ಆಟ ನೋಡಲು ಬಂದ ದಿನ. ಅದುವರೆಗೆ ಅಂಗಡಿ ಬಿಟ್ಟು ಬಂದಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ರೌಂಡ್ ರಾಕಿನಲ್ಲಿ ಆಟ. ನಾನೇ ವ್ಯಾನಿನಲ್ಲಿ ಕರೆದುಕೊಂಡು ಹೋದೆ. ಬಿಸಿಲು ಎಂದರೆ ಸೀಟು ಮುಟ್ಟುವಂತಿರಲಿಲ್ಲ. ಅವಳು ಸೆರಗನ್ನು ತಲೆ ಮೇಲೆ ಹೊದ್ದು, ದೊಡ್ಡ ಬಟ್ಟೆ ಚೀಲದ ತುಂಬ ಡಬ್ಬಿ ತಂದಿದ್ದಳು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದು ಗೇಟಿನಲ್ಲಿ ತಡೆದರು. ತಂಡದ ಹುಡುಗನ ಅಮ್ಮ ಎಂದು ನಾನು ಒದ್ದಾಡಿ ಹೇಳಿದ ಮೇಲೆ ಬಿಟ್ಟರು.

ಆಟಕ್ಕೆ ಮೊದಲು ಆಟಗಾರರು ಕಟಕಟೆ ಹತ್ತಿರ ಬಂದು ಮಕ್ಕಳ ಟೋಪಿಗೆ ಸಹಿ ಹಾಕುತ್ತಾರೆ. ಅಣ್ಣ ದೂರದ ಮೂಲೆಯಲ್ಲಿದ್ದ. ಅವನ ಗೆಳೆಯರನ್ನು ಕರಿ ಎಂದು ದೊಡ್ಡಮ್ಮ ನನಗೆ ಹೇಳಿದಳು. ಉದ್ದನೆಯ ಪಿಚರ್ ಒಬ್ಬನಿದ್ದ, ಅವನು ನನಗೆ ಪರಿಚಯ. ಅವತ್ತು ಆಟ ಶುರು ಮಾಡಬೇಕಾದವನು ಅವನೇ. ಕರೆದೆ, ನಗುತ್ತಾ ಬಂದ. ದೊಡ್ಡಮ್ಮ ಬಲಗೈಯಲ್ಲಿ ಡಬ್ಬಿ ಹಿಡಿದು, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ, ಮರ್ಯಾದೆಯಿಂದ ಚಾಚಿದಳು.

ಡಬ್ಬಿ ನೋಡಿದ್ದೇ ಅವನು ಎರಡೂ ಕೈ ಮೇಲೆತ್ತಿ ಹಿಂದೆ ಸರಿದ. ಬೇಡಮ್ಮಾ, ಇನ್ನೂ ಆಟವೇ ಶುರುವಾಗಿಲ್ಲ, ಈಗಲೇ ಕೊಡಬೇಡಿ ಎಂದ. ಪಕ್ಕದವನು ಟೋಪಿಯಿಂದ ಮುಖ ಮುಚ್ಚಿಕೊಂಡು ಓಡಿಯೇ ಹೋದ. ಉಳಿದವರು ನಕ್ಕರು.

ದೊಡ್ಡಮ್ಮ ಡಬ್ಬಿ ಹಿಡಿದೇ ನಿಂತಿದ್ದಳು. "ಯಾಕಂತ? ಉಪಾಸ ಅದಾನೇನು?"

"ಆಟ ಆದಮ್ಯಾಲ ತಗೋತಾನಂತ" ಎಂದೆ. ಸುಳ್ಳಾಗದಿರಲಿ ಎನ್ನಬೇಕೋ, ಸುಳ್ಳಾಗಲಿ ಎನ್ನಬೇಕೋ ತಿಳಿಯಲಿಲ್ಲ.

ಆಟ ಸುಮಾರು ಅರ್ಧ ದಾಟಿತ್ತು. ಉದ್ದನೆಯವನು ಚೆನ್ನಾಗಿಯೇ ಎಸೆದಿದ್ದ, ಆಮೇಲೆ ದಣಿದ. ಇಬ್ಬರು ಬೇಸ್ ಮೇಲೆ ನಿಂತರು. ಮುಂದಿನವನು ಎಡಗೈ ಬ್ಯಾಟ್ಸ್‌ಮನ್. ಜಾಲರಿಯ ಬಾಗಿಲು ತೆರೆಯಿತು, ಅಣ್ಣ ಓಡುತ್ತಾ ಬಂದ. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಕೈ ಮುಗಿದಳು. ಅವನು ಎರಡು ಎಸೆದ, ಚೆನ್ನಾಗಿ ಬಿದ್ದವು. ಬ್ಯಾಟು ಗಾಳಿಗೆ ಹೋಯಿತು. ಮುಂದಿನದಕ್ಕೆ ಹೊಡೆತ ಬಿತ್ತು. ಚೆಂಡು ಬಲಮೂಲೆಯ ಗೋಡೆಗೆ ಬಡಿಯಿತು. ಇಬ್ಬರೂ ಓಡಿ ಬಂದು ರನ್ನು ಮಾಡಿದರು. ದೊಡ್ಡಮ್ಮ ಕೇಳಿದ್ದಕ್ಕೆ ನಿಯಮ ಹೇಳಿ, ಆ ರನ್ನು ಉದ್ದನೆಯವನ ಲೆಕ್ಕಕ್ಕೆ ಎಂದೆ. ಕೋಚ್ ಬಂದು ಅಣ್ಣನ ಕೈಯಿಂದ ಚೆಂಡು ಇಸಿದುಕೊಂಡ. ಅವನು ಮಡಿಚಿದ ಎಡಗೈ ತೂಗಿಸಿಕೊಂಡು ತಲೆ ತಗ್ಗಿಸಿ ನಡೆದ. ಬೆಂಚಿನಲ್ಲಿ ಉದ್ದನೆಯವನು ತಲೆಗೆ ಟವೆಲ್ ಹಾಕಿಕೊಂಡು ಕೂತಿದ್ದ.

ಆಟ ಮುಗಿದಾಗ ಅಣ್ಣ ಕಟಕಟೆ ಹತ್ತಿರ ಬಂದ. ಅಮ್ಮನ ಜೊತೆ ಮಾತಾಡುವುದಕ್ಕೆ ಮೊದಲು ಅವಳ ಚೀಲದಿಂದ ಬಲಗೈಯಲ್ಲಿ ಒಂದು ಡಬ್ಬಿ ತೆಗೆದುಕೊಂಡ, ಬಂದೆ ಎಂದು ಹೋದ. ಉದ್ದನೆಯವನು ಇನ್ನೂ ಕೂತೇ ಇದ್ದ. ಅಣ್ಣ ಪಕ್ಕದಲ್ಲಿ ಡಬ್ಬಿ ಇಟ್ಟ. ಅವನು ತಲೆ ಎತ್ತಿ ನೋಡಿದ. ಮುಚ್ಚಳ ತೆಗೆದು ಒಂದು ಹೋಳಿಗೆ ಮುರಿದು ಅರ್ಧ ತಾನು ತಿಂದ, ಅರ್ಧ ಅಣ್ಣನಿಗೆ ಕೊಟ್ಟ. ಅಣ್ಣ ಅದನ್ನು ಹಿಡಿದುಕೊಂಡೇ ಕೂತ.

ದೊಡ್ಡಮ್ಮ ಎಲ್ಲವನ್ನೂ ಕಟಕಟೆಯ ಈಚೆ ನಿಂತು ನೋಡಿದಳು.

ಹ್ಯೂಸ್ಟನ್ನಿಗೆ ಹೊರಟೆವು. ಚೀಲ ಅವಳ ತೊಡೆಯ ಮೇಲೇ ಇತ್ತು. ಬ್ರೆನಮ್ ಹತ್ತಿರ ಬಂದಾಗ ಕೇಳಿದಳು.

"ನಾ ಕಳಿಸಿದ್ದ ಎಲ್ಲಾ ಡಬ್ಬಿನೂ ಹಿಂಗೇನು?"

"ಹೌದು ದೊಡ್ಡಮ್ಮ."

"ಆ ಬ್ಯಾಸಿಗಿದೂ?"

"ಅವೂ."

ಅಳುತ್ತಾಳೆ ಎಂದುಕೊಂಡೆ, ಇಲ್ಲಾ ನನಗೆ ಬೈಯುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ನಿಯಮ ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಹಿಂದಿನವನು ಬಿಟ್ಟುಹೋದ ಆಳು ಇವನ ಕಾಲಕ್ಕೆ ರನ್ನು ಮಾಡಿದರೆ ಹಿಂದಿನವನ ಲೆಕ್ಕ. ಅವಳು ಕಿಟಕಿಯ ಆಚೆ ನೋಡುತ್ತಾ ಕೇಳಿದಳು.

"ಇವಾ ಒಬ್ಬನ್ನ ಬಿಟ್ಟು ಹ್ವಾದ ಅಂತ ತಿಳಕೋ. ಇವನ ಹಿಂದ ಬಂದವ ಹೊಡಿಸಿಕೊಂಡ. ಆಗ ಅದು ಇವನ ಹೆಸರಿಗೆ ಬರ್ತೈತಿ, ಹೌದಿಲ್ಲೋ?"

"ಹೌದು."

"ಆವಾಗ ಇವಂಗ ಯಾರು ಡಬ್ಬಿ ಕೊಡ್ತಾರ?"

ನನಗೆ ಅದು ಯಾವತ್ತೂ ಹೊಳೆದಿರಲಿಲ್ಲ. ಯಾರೂ ಕೊಡುವುದಿಲ್ಲ ಎಂದೆ.

ಮುಂದಿನ ವಾರ ವ್ಯಾನಿಗೆ ಎಂದಿನ ಡಬ್ಬಿಗಳ ಜೊತೆ ಒಂದು ಸಣ್ಣದಿತ್ತು, ಒಬ್ಬರು ತಿನ್ನುವ ಮೊಸರಿನ ಕಪ್ಪಿನಷ್ಟು. ಎರಡೇ ಹೋಳಿಗೆ ಮುರಿದು ಇಟ್ಟಿದ್ದಳು. "ಇದು ಅವಂಗ. ಮತ್ತ್ಯಾರಿಗೂ ಕೊಡಬಾರದಂತ ಹೇಳು" ಎಂದಳು. ರೌಂಡ್ ರಾಕಿನಲ್ಲಿ ಕೊಟ್ಟೆ. ಅವನು ವ್ಯಾನಿನಲ್ಲೇ ತೆಗೆದು ನೋಡಿದ.

"ಅಮ್ಮಗ ಹೇಳಿದ್ಯಾ?"

"ನಾ ಹೇಳಲಿಲ್ಲ. ಆಕಿನ ನೋಡಿದ್ಲು."

ಅವನು ಆ ಕಡೆ ತಿರುಗಿ ತಿಂದ. ಬೆಲ್ಲದ ಪುಡಿ ಅಂಗಿಯ ಮೇಲೆ ಉದುರಿತು, ಒರೆಸಿಕೊಳ್ಳಲಿಲ್ಲ. ಅಲ್ಲಿಂದ ಮುಂದೆ ವಾರಾ ವಾರಾ ಸಣ್ಣ ಡಬ್ಬಿ ಹೋಗುತ್ತಿತ್ತು. ಅವನು ಗೆದ್ದ ವಾರವೂ ಹೋಗುತ್ತಿತ್ತು. ಅವಳು ಎಷ್ಟು ಡಬ್ಬಿ ಬೇಕು ಎಂದು ನನ್ನನ್ನು ಕೇಳುವುದನ್ನು ಮಾತ್ರ ಬಿಟ್ಟಳು. ತೋಚಿದಷ್ಟು ಮಾಡಿ ಇಡುತ್ತಿದ್ದಳು.

ಮುಂದೆ ಒಂದು ಜುಲೈನಲ್ಲಿ ಅವನು ಫೋನು ಮಾಡಿದ. ಮ್ಯಾಲೋ ಕೆಳಗೋ ಎಂದು ಕೇಳಿದರೆ "ಆರ್ಲಿಂಗ್ಟನ್" ಎಂದ. ದೊಡ್ಡ ತಂಡ. ಯಾರಿಗೋ ಪೆಟ್ಟಾಗಿ ಕೆಲವು ದಿನಕ್ಕೆ ಜಾಗ ಖಾಲಿ ಇತ್ತು.

ದೊಡ್ಡಪ್ಪ ಅಂಗಡಿ ಮುಚ್ಚಿ ಬಂದ. ಆ ಮೈಸೂರಿನ ಅಂಕಲ್ ಕೂಡ ಹೆಂಡತಿ ಮಕ್ಕಳ ಜೊತೆ ಆಸ್ಟಿನ್ನಿನಿಂದ ಡ್ರೈವ್ ಮಾಡಿಕೊಂಡು ಬಂದರು. ಮೇಲಿನ ಸಾಲಿನಲ್ಲಿ ಕೂತು ನಾವು ಆಟ ನೋಡಲೇ ಇಲ್ಲ, ಮೂಲೆಯ ಆ ಬೆಂಚು ನೋಡಿದೆವು. ಅಣ್ಣ ಫೋನಿಗೆ ಬೆನ್ನು ಹಾಕಿ ಕೂತಿದ್ದ. ಒಮ್ಮೆ ಎದ್ದ. ಎಡಗೈ ಗಿರ್ರನೆ ತಿರುಗಿಸಿ ಚೆಂಡು ಎಸೆಯತೊಡಗಿದ. ಅಂಕಲ್ ಎದ್ದು ನಿಂತು ಸಿಳ್ಳೆ ಹೊಡೆದರು. ಆ ಕಡೆ ಎಡಗೈ ಬ್ಯಾಟ್ಸ್‌ಮನ್ ಒಬ್ಬ ಬರಬೇಕಿತ್ತಂತೆ, ಅವನ ಬದಲು ಬಲಗೈಯವನನ್ನು ಕಳಿಸಿದರು. ಅಣ್ಣ ಮತ್ತೆ ಕೂತ. ಅಂಕಲ್ಲೂ ಕೂತರು. ಅವನಿದ್ದ ಅಷ್ಟೂ ದಿನ ಹೀಗೇ ಆಯಿತು. ಪೆಟ್ಟಾದವನು ವಾಸಿಯಾಗಿ ಬಂದ. ಅಣ್ಣನನ್ನು ರೌಂಡ್ ರಾಕಿಗೆ ಕಳಿಸಿದರು.

ಒಂದು ಚೆಂಡೂ ಎಸೆಯಲಿಲ್ಲ. ಹಾಗಾದರೆ ಅವನು ದೊಡ್ಡ ತಂಡಕ್ಕೆ ಆಡಿದನೋ ಇಲ್ಲವೋ? ಅಂಕಲ್ ಇದನ್ನೇ ದೊಡ್ಡಪ್ಪನನ್ನು ಕೇಳಿದರು, ಗೇಲಿಗಲ್ಲ, ಗೊತ್ತಾಗದೆ. ದೊಡ್ಡಪ್ಪ, ಮಗ ಆ ತಂಡದ ಡ್ರೆಸ್ ಹಾಕಿದ ಫೋಟೋ ತೋರಿಸಿದ. ಆಟ ಆಡಿದವರ ಹೆಸರು ಬರೆದಿಡುವ ಕಡೆ ಅವನ ಹೆಸರಿಲ್ಲ, ಫೋಟೋ ಇದೆ. ನಾನು ವಾಪಸ್ಸು ಕರೆದುಕೊಂಡು ಹೋಗುವಾಗ ಅಣ್ಣನನ್ನೇ ಕೇಳಿದೆ.

"ನಾ ಎದ್ದೆ. ಅವರು ಆ ಲೆಫ್ಟಿನ್ನ ತಗದ್ರು. ಕೆಲಸ ಆತು" ಎಂದ.

ಅದು ನಿಜವೋ, ತನಗೆ ತಾನೇ ಹೇಳಿಕೊಂಡದ್ದೋ. ವೇಕೋದಲ್ಲಿ ಬಾಳೆಹಣ್ಣು ತೆಗೆದುಕೊಂಡ, ತಿನ್ನದೆ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಅವನು ಮತ್ತೆ ಫ್ರಿಸ್ಕೋದಲ್ಲಿದ್ದ. ಆ ವರ್ಷ ಒಂದು ಸುದ್ದಿ ಬಂತು. ಮುಂದಿನ ವರ್ಷದಿಂದ ನಿಯಮ ಬದಲು. ನಡುವೆ ಬಂದ ಪಿಚರ್ ಒಬ್ಬನಿಗೆ ಎಸೆದು ಹೋಗುವಂತಿಲ್ಲ, ಕಡಿಮೆ ಅಂದರೆ ಮೂವರಿಗೆ ಎಸೆಯಬೇಕು. ಆಟ ಬೇಗ ಮುಗಿಯಲಿ ಎಂದು ಮಾಡಿದ್ದಂತೆ. ಅವನು ನಗುತ್ತಾ ಹೇಳಿದ. ಬೇರೆಯವರಿಗಾದರೆ ಇದ್ದ ಕೆಲಸ ಹೋಗುತ್ತದೆ, ಇವನಿಗೆ ಅಂಥದೊಂದು ಕೆಲಸವೇ ಎಲ್ಲೂ ಇಲ್ಲದಂತಾಯಿತು. ಬಲಗೈ ಬ್ಯಾಟ್ಸ್‌ಮನ್‌ಗಳು ಅವನನ್ನು ಸಲೀಸಾಗಿ ಹೊಡೆಯುತ್ತಿದ್ದರು. ಅವನಿಗೂ ಗೊತ್ತಿತ್ತು.

ಆ ಬೇಸಿಗೆಯಲ್ಲೇ ಒಂದು ದಿನ, ಗೋಡೌನಿನಲ್ಲಿ ಲೋಡ್ ಮಾಡುವಾಗ ಫೋನು ಬಂತು.

"ತಮ್ಮಾ, ಗಾಡಿ ಐತೇನು?"

"ಐತಿ. ಮ್ಯಾಲೋ, ಕೆಳಗೋ?"

"ಮನಿಗೆ."

ಒಂದು ಬ್ಯಾಗು, ಒಂದು ಗ್ಲೌಸು, ಖಾಲಿ ಮೊಸರಿನ ಡಬ್ಬಿಗಳು ಒಂದರೊಳಗೊಂದು. ತೊಳೆದಿಟ್ಟಿದ್ದ. ಅಷ್ಟೇ ಸಾಮಾನು. ಹ್ಯೂಸ್ಟನ್ನಿನ ದಾರಿಗೆ ಆರ್ಲಿಂಗ್ಟನ್ ಬರುತ್ತಿರಲಿಲ್ಲ, ಆ ಕಡೆಯಿಂದ ಹೋಗಲಾ ಎಂದೆ. ಬೇಡ ಎಂದ. ದಾರಿಯಲ್ಲಿ ಮಲಗಿಬಿಟ್ಟ. ಅವನು ನನ್ನ ವ್ಯಾನಿನಲ್ಲಿ ನಿದ್ದೆ ಮಾಡಿದ್ದು ಅವತ್ತೇ ಮೊದಲು.

ಈಗ ಅವನು ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಾನೆ. ಶನಿವಾರ ಪಾರ್ಕಿನಲ್ಲಿ ಮಕ್ಕಳಿಗೆ ಎಸೆಯುವುದು ಹೇಳಿಕೊಡುತ್ತಾನೆ. ಬೇಜಾರಿದೆಯಾ ಎಂದು ಕೇಳಿದರೆ ಬೀಜ ತಿನ್ನುತ್ತಾನೆ. ಅಂಗಡಿ ಫೋನು ಅವನ ಬೆನ್ನ ಹಿಂದಿನ ಗೋಡೆಗಿದೆ.

ಮೊನ್ನೆ ಒಂದು ಸಂಗತಿ ನಡೆಯಿತು. ನಮ್ಮ ಇನ್ನೊಂದು ವ್ಯಾನಿನ ಡ್ರೈವರ್ ಫಾರ್ಮರ್ಸ್ ಬ್ರಾಂಚಿನಿಂದ ಲೋಡ್ ತರುವಾಗ ವೇಕೋದಲ್ಲಿ ಹೊಟ್ಟೆನೋವು ಬಂದು ನಿಂತ. ತಂಪು ಮಿಷನ್ ಆಗಲೇ ಸರಿಯಿರಲಿಲ್ಲ. ಮಾಲು ಉಳಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದರು. ನಾನು ಅವನ ವ್ಯಾನು ಹತ್ತಿ ಓಡಿಸಿದೆ. ಎಷ್ಟು ಜೋರಾಗಿ ಓಡಿಸಿದರೂ ಹ್ಯೂಸ್ಟನ್ ಮುಟ್ಟುವಷ್ಟರಲ್ಲಿ ಮೊಸರಿಗೂ ಪನೀರಿಗೂ ಹುಳಿ ವಾಸನೆ ಬಂದಿತ್ತು. ಲೋಡ್ ಮಾಡುವಾಗ ಮಿಷನ್ ನೋಡಬೇಕಾದವನು ಆ ಡ್ರೈವರ್ ಎಂದು ದೊಡ್ಡಪ್ಪ ಅವನಿಗೇ ಬೈದ. ನನಗೆ ಯಾರೂ ಏನೂ ಅನ್ನಲಿಲ್ಲ. ಸರಿಯೇ ಇದೆ, ತಪ್ಪು ನನ್ನದಲ್ಲ. ಆದರೂ ಎರಡು ದಿನ ಊಟ ರುಚಿಸಲಿಲ್ಲ. ಯಾಕೆ ಎಂದು ನನಗೇ ಗೊತ್ತಾಗಲಿಲ್ಲ.

ಮೂರನೇ ದಿನ ಅಂಗಡಿಗೆ ಹೋದೆ. "ದೊಡ್ಡಮ್ಮ, ಒಂದು ಡಬ್ಬಿ ಬೇಕಾಗಿತ್ತು" ಎಂದೆ. ಯಾರಿಗೆ ಎಂದು ಅವಳು ಕೇಳಲಿಲ್ಲ. ಒಳಗೆ ಹೋಗಿ ದೊಡ್ಡ ಡಬ್ಬಿ ತುಂಬಿ ಮುಚ್ಚಳ ಒತ್ತಿ ತಂದು ಕೊಟ್ಟಳು. ತೆಗೆದುಕೊಂಡು ಬಾಗಿಲಿಗೆ ಬಂದೆ.

"ತಮ್ಮಾ, ನಿಂದ್ರು."

ಅಣ್ಣ ಕೌಂಟರಿನ ಕೆಳಗೆ ಬಗ್ಗಿದ. ದೊಡ್ಡಮ್ಮ ಅವನಿಗೆಂದು ದಿನಾ ಇಡುವ ಸಣ್ಣ ಡಬ್ಬಿ ತೆಗೆದು ಎಡಗೈಯಲ್ಲಿ ಚಾಚಿದ. ದೊಡ್ಡಮ್ಮ ಅಲ್ಲೇ ನಿಂತಿದ್ದಳು, ನೋಡಿದಳು, ಬಲಗೈ ಎನ್ನಲಿಲ್ಲ.

"ಇದು ನಿಂದು" ಎಂದ.

ಆ ಕೈ ಪೂರ್ತಿ ಚಾಚುವುದಿಲ್ಲ. ನಾನೇ ವಾಪಸ್ಸು ಹೋಗಿ ತೆಗೆದುಕೊಂಡೆ.